ಹುಣಸೆ ಬೀಜದ ಸಾಹೇಬರು

ಗುರೆಳ್ಳು ಹುರಿದು ಒರಳಿಗೆ ಹಾಕಿ ಚಟ್ನಿಪುಡಿ ಕುಟ್ಟುತ್ತಿದ್ದೆ. ಕುಟ್ಟುವ ಸಪ್ಪಳದಲ್ಲಿ ಬಸ್ಸು ಬಂದು ಬೇವಿನ ಗಿಡದ ಕೆಳಗೆ ನಿಂತದ್ದು ಕೇಳಿಸಲಿಲ್ಲ. ಡ್ರೈವರ್ ಇಳಿದು ಬಂದು ಹೊಸ್ತಿಲ ಹೊರಗೆ ನಿಂತು ಕೂಗಿದ.

"ಯಕ್ಕಾ, ನಿಮ್ಮ ಹುಣಸಿ ಬೀಜದ ಸಾಹೇಬ್ರು ಅದಾರ್ರಿ! ಕಣ್ಣಾರೆ ನೋಡಿ ಬಂದೀನಿ!"

ನನ್ನ ಕೈ ಅಲ್ಲೇ ನಿಂತಿತು. "ಎಲ್ಲಿ? ಅವರ ಅಂತ ಹ್ಯಾಂಗ ಗೊತ್ತಾತೋ ನಿನಗ?"

"ರಾಯಚೂರಾಗ ಬಸ್ ರಿಪೇರಿಗೆ ಬಿಟ್ಟಿದ್ದೆ. ಒಬ್ರು ಮುದುಕ್ರು ಬಂದು ಯಾವ ಲೈನಿನಾಂವಪಾ ಅಂದ್ರು. ಯಲಬುರ್ಗಾ ಕೊಪ್ಪಳ ಅಂದೆ. ಹಂಗಾದ್ರ ಬೇವಿನ ಗಿಡದ ಹತ್ರ ದಿನಾ ಎಷ್ಟ ಮಂದಿ ಹತ್ತತಾರ ಅಂದ್ರು. ಏಳೆಂಟು ಅಂದೆ. ಏಳೋ, ಎಂಟೋ? ಅಂತ ಬೈದ್ರು ನೋಡ್ರಿ, ನಾಕು ಮಂದಿ ಮುಂದ!"

"ಹಂಗ ಬೈದಿದ್ರ ಅವರ," ಎಂದೆ. ಕಣ್ಣಲ್ಲಿ ನೀರು ಬಂತು, ನಗುವೂ ಬಂತು.

ಪೆನ್ಶನ್ ಆಗಿ ಮಗಳ ಮನೆಯಲ್ಲಿದ್ದಾರಂತೆ. ಕಾಲು ಬಾತಿವೆ, ಉಳಿದದ್ದೆಲ್ಲ ನೆಟ್ಟಗಿದೆ ಎಂದು ಡ್ರೈವರ್ ಹೇಳಿದ. ನಿಜಾಮರ ರಾಜ್ಯ ಹೋಗುವ ಹೊತ್ತಿನ ಗದ್ದಲದಲ್ಲಿ ಈ ಕಡೆಯವರೂ ಸತ್ತರು, ಆ ಕಡೆಯವರೂ ಸತ್ತರು. ಸಾಹೇಬರು ಏನಾದರೋ ತಿಳಿಯಲಿಲ್ಲ. ಅಂದಿನಿಂದ ದಿನವೂ ಮುಂಜಾನೆ ಲಿಂಗಪೂಜೆಗೆ ಕೂತಾಗ ನನ್ನ ಮನೆಮಂದಿಯ ಹೆಸರುಗಳ ಕೊನೆಗೆ ಅವರನ್ನೂ ಸೇರಿಸುತ್ತಿದ್ದೆ. ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲದವರಿಗಾಗಿ ಬೇಡಿಕೊಳ್ಳುವುದು ಬಲು ಕಷ್ಟ. ಇನ್ನು ಆ ಕಷ್ಟವಿಲ್ಲ. ಶಿವ ದೊಡ್ಡವನು.

ಅವರನ್ನು ನಾನು ಕಂಡದ್ದು ಎಲ್ಲ ಕೂಡಿ ಹದಿನೈದಿಪ್ಪತ್ತು ದಿನ. ಅವರ ಹುಟ್ಟೂರು ಯಾವುದು, ಮಕ್ಕಳೆಷ್ಟು, ನನಗೆ ತಿಳಿಯದು. ತೆಳ್ಳಗೆ ಎತ್ತರವಾಗಿದ್ದರು, ಸ್ವಲ್ಪ ಗೂನು. ಖಾಕಿ ಕೋಟಿಗೆ ಒಂದು ಗುಂಡಿ ಇರಲಿಲ್ಲ, ಆ ಜಾಗದಲ್ಲಿ ದಾರ ಕಟ್ಟಿಕೊಂಡಿರುತ್ತಿದ್ದರು. ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ಉರ್ದು. ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ ಕೂಡಲೇ ಬೂಟು ಬಿಚ್ಚಿ ದೂರ ಇಡುವರು. "ಕಾಲಾಗ ಬೂಟು ಇದ್ರ ಎದ್ದು ಹೋಗಬೇಕನಸ್ತೈತಿ," ಎನ್ನುವರು.

ಅವರು ಬಂದದ್ದು ನಿಜಾಮರ ಕಾಲದ ಒಂದು ಕಾರ್ತಿಕದಲ್ಲಿ. ಯಲಬುರ್ಗಾದಿಂದ ಕೊಪ್ಪಳಕ್ಕೆ ಸರ್ಕಾರ ಬಸ್ಸು ಬಿಡುವ ವಿಚಾರ ನಡೆದಿತ್ತು. ಅದಕ್ಕೆ ದಾರಿ ಎರಡು. ಒಂದು ನಮ್ಮೂರ ಮೇಲೆ, ಎರೆಹೊಲಗಳ ನಡುವೆ. ಇನ್ನೊಂದು ಗುಡ್ಡದ ಬದಿಗಿರುವ ಊರಿನ ಮೇಲೆ. ಎರಡಕ್ಕೂ ಗರಸು ಹಾಕಿ ರಸ್ತೆ ಮಾಡುವುದು ಆಗದ ಮಾತು. ಯಾವ ದಾರಿಯಲ್ಲಿ ಮಂದಿ, ಗಾಡಿ ಹೆಚ್ಚು ಓಡಾಡುತ್ತವೆಯೋ ಆ ದಾರಿಗೆ ಬಸ್ಸು. ಅದನ್ನು ಅಳೆಯಲು ಈ ಸಾಹೇಬರು. ಏಳು ದಿನ ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಎಣಿಸಬೇಕು. ನಮ್ಮಲ್ಲಿ ಅವರು, ಗುಡ್ಡದೂರಿನಲ್ಲಿ ಅವರ ಜವಾನ. ನಡುವೆ ಒಂದೆರಡು ದಿನ ಇಬ್ಬರೂ ಜಾಗ ಬದಲಿಸುವರು.

ಮೊದಲ ದಿನ ನಮ್ಮತ್ತೆಯ ಹತ್ತಿರ ಮೂರು ಗಡಿಗೆ ಮತ್ತು ಒಂದು ಬುಟ್ಟಿ ಹುಣಸೆ ಬೀಜ ಕೇಳಿದರು. ಗಾಡಿ ಹೋದರೆ ಒಂದು ಗಡಿಗೆಗೆ ಬೀಜ, ನಡೆದು ಹೋದವರಿಗೆ ಇನ್ನೊಂದಕ್ಕೆ, ತಲೆಹೊರೆಯವರಿಗೆ ಮೂರನೆಯದಕ್ಕೆ. ಸಂಜೆ ಅರಿವೆಯ ಮೇಲೆ ಸುರುವಿ, ಐದೈದು ಕೂಡಿಸಿ ಎಣಿಸಿ ಫಾರಮಿನಲ್ಲಿ ಬರೆಯುವರು. ಬಿಸಿಲಲ್ಲಿ ಕೂತವರೆಂದು ಅತ್ತೆ ಮಜ್ಜಿಗೆ ಕೊಡಹೋದರೆ ಒಲ್ಲೆ ಎಂದರು.

"ಯಾಕ್ರಿ? ನಮ್ಮ ಗಡಗಿ ಆದೀತು, ನಮ್ಮ ಹುಣಸಿ ಬೀಜ ಆದೀತು, ಮಜ್ಜಿಗಿ ಆಗೂದಿಲ್ಲೇನು?" ಅತ್ತೆಯ ಮಾತು ಯಾವಾಗಲೂ ಹೀಗೆ, ಖಾರ.

"ಅವ್ವಾರ, ಬೀಜ ತಿರುಗಿ ಕೊಡ್ತೀನಿ. ಮಜ್ಜಿಗಿ ಹ್ಯಾಂಗ ತಿರುಗಿ ಕೊಡ್ಲಿ? ನಿಮ್ಮೂರ ದಾರಿ ಅಳಿಯಾಕ ಬಂದೀನಿ. ನಿಮ್ಮ ಮನೀದು ಕುಡದು ಅಳದ್ರ ಅಳತಿ ನಿಮ್ಮ ಕಡೀಗಿ ವಾಲ್ತೈತಿ."

ಹೊಂಡದಿಂದ ತಾವೇ ನೀರು ಸೇದಿ ತಂದು ಕುಡಿದರು.

ಮಧ್ಯಾಹ್ನ ನಮಾಜಿಗೆ ಹೋಗುವಾಗ ಗಡಿಗೆಗಳಿಗೆ ಅರಿವೆ ಮುಚ್ಚಿ, ದನದ ಕೊಟ್ಟಿಗೆಯ ನೆರಳಿಗೆ ಹೋಗುವರು. ಆ ಹೊತ್ತಿನಲ್ಲಿ ದಾರಿಯಲ್ಲಿ ಯಾರೇ ಹೋದರೂ ಲೆಕ್ಕಕ್ಕಿಲ್ಲ. "ಸುಮಾರು ಇಷ್ಟು ಅಂತ ಬರಕೋರಿ, ಯಾರು ನೋಡ್ತಾರ?" ಎಂದು ನಮ್ಮ ಮನೆಯವರು ಒಮ್ಮೆ ಹೇಳಿದರು. ಸಾಹೇಬರು ಫಾರಮು ತಿರುಗಿಸಿ ತೋರಿಸಿದರು. ಆ ಹೊತ್ತಿನ ಚೌಕದ ಮನೆಯಲ್ಲಿ 'ನಮಾಜು, ಎಣಿಸಿಲ್ಲ' ಎಂದು ಬರೆದಿತ್ತಂತೆ. "ಸುಳ್ಳು ತುಂಬೂದಕ್ಕಿಂತ ಖಾಲಿ ಬಿಡೂದು ಛಲೋ ನೋಡ್ರಿ," ಎಂದರು.

ಇದನ್ನೆಲ್ಲ ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಆಗ ನಾನು ಹರೆಯದ ಸೊಸೆ, ಪರಗಂಡಸರ ಮುಂದೆ ಬರುವ ರೂಢಿ ಇರಲಿಲ್ಲ. ಆದರೆ ಆ ಗಡಿಗೆಗಳಿಗೆ ಬೀಳುವ ಒಂದೊಂದು ಬೀಜದ ಸಪ್ಪಳವೂ ನನಗೆ ಬೇಕಾಗಿತ್ತು. ಅದಕ್ಕೆ ಕಾರಣ ನನ್ನ ಮಗಳು ನೀಲವ್ವ.

ಅವಳಿಗೆ ಆಗ ಐದು ವರ್ಷ. ಎರಡೂ ರೆಪ್ಪೆಗಳ ಒಳಗೆ ಕಾಳು ಕಾಳಾಗಿ ಎದ್ದು, ಬೆಳಕಿಗೆ ಕಣ್ಣು ಬಿಡಲಾರಳು. ನನ್ನ ಸೆರಗಿನಲ್ಲಿ ಮುಖ ಹುದುಗಿಸಿಕೊಂಡೇ ದಿನ ಕಳೆಯುವಳು. ಕೊಪ್ಪಳದ ದವಾಖಾನೆಯ ಡಾಕ್ಟರು ರೆಪ್ಪೆ ತಿರುವಿ ನೋಡಿ, ಔಷಧದ ನೀಲಿ ಕಡ್ಡಿಯಿಂದ ತಿಕ್ಕಿದರು. "ಎಂಟು ದಿನಕ್ಕೊಮ್ಮೆ ತಿಕ್ಕಬೇಕು, ವರ್ಷದ ತನಕ ಬಿಡಬಾರದು. ಬಿಟ್ಟರೆ ಕಣ್ಣು ಹೋಗುತ್ತವೆ," ಎಂದರು. ನಮ್ಮೂರಿಂದ ಕೊಪ್ಪಳ ನಾಲ್ಕು ಹರದಾರಿ. ಗಾಡಿ ಕಟ್ಟಿದರೆ ಹೋಗಿ ಬರಲು ಇಡೀ ದಿನ ಬೇಕು, ಎತ್ತು ಮರುದಿನವೂ ಕೆಲಸಕ್ಕಿಲ್ಲ. ನಾಲ್ಕು ವಾರ ಹೋದೆವು. ಆಮೇಲೆ ಹಿಂಗಾರಿ ಬಿತ್ತನೆ ಬಂತು. ಮನೆಯವರು ಕೆಟ್ಟವರಲ್ಲ. "ಎತ್ತು ಎರಡ ಅದಾವು. ಹೊಲಕ್ಕ ಕಟ್ಲೋ, ದವಾಖಾನಿಗೆ ಕಟ್ಲೋ, ನೀನ ಹೇಳು," ಎಂದರು. ನಾನೇನು ಹೇಳಲಿ? ಮನೆಯ ಮುಂದೆ ಬಸ್ಸು ನಿಂತರೆ ಮುಂಜಾನೆ ಹೋಗಿ ಸಂಜೆಗೆ ಬರಬಹುದು, ಎತ್ತನ್ನು ಯಾರೂ ಕೇಳಬೇಕಿಲ್ಲ. ನನಗೆ ಅಷ್ಟೇ ತಿಳಿದಿತ್ತು.

ಆದರೆ ಗಡಿಗೆಗಳು ತುಂಬಲಿಲ್ಲ. ಎರಡು ದಿನ, ಮೂರು ದಿನ ಆದರೂ ಗಾಡಿಯ ಗಡಿಗೆಯ ತಳ ಕಾಣುತ್ತಿತ್ತು. ಯಾಕೆ ಎಂದು ಊರಿನವರಿಗೆಲ್ಲ ಗೊತ್ತಿತ್ತು, ಅವರಿಗೆ ಹೇಳುವವರಿರಲಿಲ್ಲ. ಆ ಕಾಲದಲ್ಲಿ ಸರ್ಕಾರಿ ಅಧಿಕಾರಿ ಮೊಕ್ಕಾಮಿಗೆ ಬಂದರೆ ಅವರ ಸಾಮಾನು ಹೊರಲು ರೈತರ ಗಾಡಿ ಹಿಡಿಯುತ್ತಿದ್ದರು. ಅದಕ್ಕೆ ಬಿಟ್ಟಿ ಎನ್ನುವರು. ಕೂಲಿಯೂ ಇಲ್ಲ, ಎತ್ತಿಗೆ ಹೊಟ್ಟೂ ಇಲ್ಲ, ಎಷ್ಟು ದಿನಕ್ಕೆ ಬಿಡುವರೆಂಬ ಮಾತೂ ಇಲ್ಲ. ಕೋಟು ಹಾಕಿದವರು ದಾರಿಯಲ್ಲಿ ಕೂತು ಗಾಡಿ ಎಣಿಸುತ್ತಾರೆಂದರೆ ಬಿಟ್ಟಿಗೆ ಪಟ್ಟಿ ಮಾಡುತ್ತಿದ್ದಾರೆ ಎಂದೇ ಎಲ್ಲರೂ ತಿಳಿದರು. ಊರಿಗೆ ಊರೇ ಹಿತ್ತಲ ಕಡೆಯಿಂದ, ಹಳ್ಳದ ದಂಡೆ ಹಿಡಿದು ಓಡಾಡತೊಡಗಿತು. ನಮ್ಮ ಮನೆಯ ಗಾಡಿಯೂ ಹಾಗೆಯೇ ಹೋಗುತ್ತಿತ್ತು. ಹೇಳಿದರೆ ಗಂಡನ ಎತ್ತನ್ನು, ಊರವರ ಎತ್ತನ್ನು ಹಿಡಿದುಕೊಟ್ಟಂತೆ. ಹೇಳದಿದ್ದರೆ ಬಸ್ಸು ಗುಡ್ಡದೂರಿಗೆ.

ನಾಲ್ಕನೆಯ ದಿನ ಸಾಹೇಬರು ಗುಡ್ಡದೂರಿಗೆ ಎಣಿಸಲು ಹೋಗಿ, ಸಂಜೆ ನಗುತ್ತ ಬಂದರು. ಅವರು ನಕ್ಕದ್ದನ್ನು ಕಂಡದ್ದು ಆಗಲೇ ಮೊದಲು.

"ಅವ್ವಾರ, ಗುಡ್ಡದೂರಾಗ ಒಂದು ಎತ್ತು ಐತ್ರಿ, ಒಂದ ಕೊಂಬಿಂದು. ಇವತ್ತ ಒಂದ ದಿನದಾಗ ಆರು ಸಲ ಕೊಪ್ಪಳಕ್ಕ ಹೋಗಿ ಬಂದೈತಿ!"

"ಅಯ್ಯ ಶಿವನ! ಅದ್ಯಾವ ಎತ್ತರಿ?"

"ಅಂಥಾ ಎತ್ತು ಇದ್ದವರಿಗೆ ಬಸ್ ಯಾಕ ಬೇಕು?"

ಅಲ್ಲಿನ ಗೌಡರು ನಾಲ್ಕೇ ಗಾಡಿಗಳನ್ನು ಊರ ಸುತ್ತ ತಿರುಗಿಸಿ ತಿರುಗಿಸಿ ತಂದು ಎಣಿಸಿಕೊಳ್ಳುತ್ತಿದ್ದರಂತೆ. ಸಾಹೇಬರು ಯಾರನ್ನೂ ಬೈದಿರಲಿಲ್ಲ. ಆ ದಿನದ ಎಣಿಕೆಯ ಮೇಲೆ ಗೀಟು ಎಳೆದು ಬಂದಿದ್ದರು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಬಾಗಿಲ ಹಿಂದೆ ನಕ್ಕೆ. ಮರುದಿನ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ಕೆಲಸವೇನಲ್ಲ.

ಮರುದಿನ ಯಲಬುರ್ಗಾ ಸಂತೆ. ಸಂತೆಗೆ ಹೊರಟ ಪರಸ್ಥಳದವರಿಗೆ ನಮ್ಮೂರ ಹಿತ್ತಲದಾರಿ ಗೊತ್ತಿಲ್ಲ, ಹೀಗಾಗಿ ಮುಂಜಾನೆಯಿಂದ ಗಡಿಗೆಗೆ ಬೀಜ ಬೀಳುತ್ತಿದ್ದವು. ಉಳಿದ ದಿನಗಳ ಕೊರತೆಯನ್ನು ಈ ಒಂದು ದಿನ ತುಂಬಬಹುದೆಂದು ನನಗೆ ಆಸೆ ಹುಟ್ಟಿತು. ಮಧ್ಯಾಹ್ನ ಸಾಹೇಬರು ಗಡಿಗೆ ಮುಚ್ಚಿ ನಮಾಜಿಗೆ ಹೋದರು. ಅತ್ತೆ ಒಳಗೆ ಅಡ್ಡಾಗಿದ್ದರು. ನೀಲವ್ವ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ನನಗೆ ಏನಾಯಿತೋ, ಕೈಗೆ ಸಿಕ್ಕ ಹುಣಸೆ ಬೀಜ ಒಂದು ಬೊಗಸೆ ತೆಗೆದುಕೊಂಡು ಹೋಗಿ ಗಾಡಿಯ ಗಡಿಗೆಗೆ ಹಾಕಿದೆ. ಬಾಯಲ್ಲಿ ಶಿವ ಶಿವ ಎನ್ನುತ್ತಲೇ ಹಾಕಿದೆ. ಕಳ್ಳತನಕ್ಕೆ ಹೋಗುವಾಗಲೂ ದೇವರನ್ನು ಕರೆದುಕೊಂಡು ಹೋದವಳು ನಾನು.

ಸಂಜೆ ಅರಿವೆಯ ಮೇಲೆ ಬೀಜ ಸುರುವಿದ ಸಾಹೇಬರು ಎಣಿಸುವುದನ್ನು ನಿಲ್ಲಿಸಿದರು. ಒಂದು ಬೀಜ ಎತ್ತಿ ಬೆಳಕಿಗೆ ಹಿಡಿದರು. "ಅವ್ವಾರ, ಇದು ನೀವು ಕೊಟ್ಟ ಬುಟ್ಟ್ಯಾಗಿಂದಾ?"

ಅತ್ತೆ ತೆಗೆದುಕೊಂಡು ನೋಡಿದರು. "ಅಯ್ಯ, ಇದು ಹುರದದ್ದು. ಮುಂಜಾನಿ ನಮ್ಮ ಸೊಸಿ ತಿನ್ನಾಕಂತ ಹುರದು…" ಎಂದು ಅಲ್ಲಿಗೆ ಮಾತು ನಿಲ್ಲಿಸಿದರು.

ಅವಸರದಲ್ಲಿ ನಾನು ಹಂಚಿನ ಮೇಲಿನ ಬೀಜಕ್ಕೆ ಕೈ ಹಾಕಿದ್ದೆ. ಸಿಪ್ಪೆ ಸೀಳಿ ಕರ್ರಗಾಗಿದ್ದವು. ಹಸಿ ಬೀಜದ ರಾಶಿಯಲ್ಲಿ ಅವು ಎದ್ದು ಕಾಣುತ್ತಿದ್ದವು. ಅವುಗಳನ್ನು ಆರಿಸಿ ತೆಗೆದು ಉಳಿದದ್ದನ್ನು ಎಣಿಸುತ್ತಾರೇನೋ ಎಂದು ಬಾಗಿಲ ಹಿಂದಿನಿಂದ ನೋಡುತ್ತ ನಿಂತೆ. ಸಾಹೇಬರು ಹಾಗೆ ಮಾಡಲಿಲ್ಲ. ಮೂರೂ ಗಡಿಗೆಯ ಬೀಜವನ್ನು ಬುಟ್ಟಿಗೆ ಸುರಿದು, ಸಂತೆಯ ದಿನದ ಎಣಿಕೆಯ ಮೇಲೆ ಉದ್ದಕ್ಕೆ ಗೀಟು ಎಳೆದರು. ಒಂದು ಕೊಂಬಿನ ಎತ್ತಿಗೆ ಎಳೆದಂಥದೇ ಗೀಟು.

"ಹುರದ ಬೀಜ ಮೊಳಿಯೂದಿಲ್ರಿ ಅವ್ವಾರ," ಎಂದಷ್ಟೇ ಹೇಳಿ ಬೂಟು ಹಾಕಿಕೊಂಡು ಚಾವಡಿಗೆ ಹೋದರು. ಯಾರು ಎಂದು ಕೇಳಲಿಲ್ಲ, ಬಾಗಿಲ ಕಡೆಗೆ ನೋಡಲೂ ಇಲ್ಲ. ಆ ಉಪಕಾರವನ್ನು ನಾನು ಇನ್ನೂ ಮರೆತಿಲ್ಲ.

ಅತ್ತೆ ಬೈಯುತ್ತಾರೆಂದು ಕಾದೆ. ರೊಟ್ಟಿ ಬಡಿಯುವಾಗ ಹತ್ತಿರ ಬಂದು ಕೂತರು. "ಕಳುವು ಮಾಡಾಕ ಬರದಿದ್ರ ಮಾಡಬಾರ್ದವ್ವ. ಹಸೀ ಬೀಜ ಇರಲಿಲ್ಲೇನು?" ಎಂದರು. ಆಮೇಲೆ ಸೆರಗಿನಿಂದ ನನ್ನ ಕಣ್ಣು ಒರೆಸಿದರು.

ಆದರೆ ನನ್ನ ಎದೆ ತಣ್ಣಗಾಗಲಿಲ್ಲ. ನಮ್ಮೂರಿಗಿದ್ದ ಒಂದೇ ಒಂದು ಒಳ್ಳೆಯ ದಿನವನ್ನು ನಾನೇ ಕೈಯಾರೆ ಹಾಳು ಮಾಡಿದ್ದೆ. ಮಗಳ ಕಣ್ಣಿಗೆಂದು ಮಾಡಿದ್ದು ಮಗಳ ಕಣ್ಣನ್ನೇ ಕಳೆಯುವಂತಾಗಿತ್ತು. ಮುಂಜಾನೆ ಪೂಜೆಗೆ ಕೂತರೆ ವಿಭೂತಿ ಹಚ್ಚಿಕೊಳ್ಳಲು ಕೈ ಏಳಲಿಲ್ಲ. ಎದ್ದು, ಸೆರಗು ಹೊದ್ದು, ನೀಲವ್ವನನ್ನು ಬಗಲಲ್ಲಿ ಎತ್ತಿಕೊಂಡು ಕಟ್ಟೆಯ ತನಕ ಹೋದೆ. ಪರಗಂಡಸರ ಎದುರು ನಿಂತು ಮಾತಾಡಿದ್ದು ಅದೇ ಮೊದಲು.

"ಅಣ್ಣಾರ, ಬೀಜ ಹಾಕಿದಾಕಿ ನಾನ್ರಿ."

"ಗೊತ್ತೈತಿ, ತಂಗಿ."

"ಬೀಜ ಸುಳ್ಳು, ಖರೆ. ಆದ್ರ ಮಂದಿ ಸುಳ್ಳಲ್ರಿ. ಊರ ಗಾಡಿ ಎಲ್ಲಾ ಹಿತ್ತಲ ಕಡಿಂದ ಹಳ್ಳದ ದಂಡಿ ಹಿಡದು ಹೋಗ್ತಾವು. ಬಿಟ್ಟಿಗೆ ಹಿಡೀತೀರಂತ ಅಂಜ್ಯಾರ. ನಮ್ಮ ಗಾಡೀನೂ ಹಂಗ ಹೋಗ್ತೈತಿ." ಒಂದೇ ಉಸಿರಿಗೆ ಹೇಳಿದೆ. ಆಮೇಲೆ ನೀಲವ್ವನ ಮುಖದ ಮೇಲಿನ ಸೆರಗು ಸರಿಸಿದೆ. "ಈಕೀ ಕಣ್ಣಿಗೆ ಎಂಟು ದಿನಕ್ಕೊಮ್ಮಿ ಕೊಪ್ಪಳಕ್ಕ ಹೋಗಬೇಕ್ರಿ. ಎತ್ತು ಬಿಡುವಿಲ್ಲಂತ ಎರಡು ತಿಂಗಳಾತು, ಹೋಗಿಲ್ಲ."

ಅವರು ಹುಡುಗಿಯನ್ನು ನೋಡಿದರು. ಅಯ್ಯೋ ಪಾಪ ಎನ್ನಲಿಲ್ಲ. ಫಾರಮನ್ನು ಹಿಂದುಮುಂದಾಗಿ ತಿರುವಿ ನೋಡಿ, "ಹೋದವರಿಗೆ ಇದರಾಗ ಮನಿ ಐತಿ. ಹೋಗಬೇಕಾಗಿ ಹೋಗಲಾರದೆ ಉಳದವರಿಗೆ ಮನೀನ ಇಲ್ಲ," ಎಂದರು. ಫಾರಮಿನ ಕೆಳಗೆ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಏನೋ ಬರೆದರು. "ಮ್ಯಾಲಿನವರು ಓದ್ತಾರೋ ಬಿಡ್ತಾರೋ. ಹರಿಯೂ ನೀರಷ್ಟ ಅಳದ್ರ, ಕಟ್ಟಿ ನಿಂತ ನೀರು ಎಷ್ಟಂತ ಹ್ಯಾಂಗ ತಿಳೀಬೇಕು?"

ನನ್ನ ಮಾತನ್ನೂ ಅವರು ಹಾಗೇ ನಂಬಲಿಲ್ಲ. ಕೋಲು ಹಿಡಿದು ಹಳ್ಳದ ದಂಡೆಗೆ ಹೋಗಿ ಒಂದು ತಾಸು ಬಿಟ್ಟು ಬಂದರು. ಕೋಲಿನ ತುದಿಗೆ ಗೇಣುದ್ದ ಎರೆಮಣ್ಣು ಮೆತ್ತಿತ್ತು. ಗಾಲಿಯ ಜಾಡಿಗೆ ಕೋಲು ಇಳಿಸಿ ಅಳೆದಿದ್ದರು. "ಗಾಲಿ ಸುಳ್ಳು ಹೇಳೂದಿಲ್ಲ, ತಂಗಿ. ಗಾಡಿ ಹೊಡಿಯಾಂವ ಹೇಳ್ತಾನ," ಎಂದರು.

ಇತ್ತ ಮನೆಯವರಿಗೆ ಸುದ್ದಿ ಮುಟ್ಟಿ ಸಿಟ್ಟು ನೆತ್ತಿಗೇರಿತು. "ಊರ ಗಾಡಿ ಎಲ್ಲಾ ಹಿಡಕೊಟ್ಟಿಯಲ್ಲ! ನಾಳೆ ಬಿಟ್ಟಿಗೆ ಹೊಡಕೊಂಡು ಹೋದ್ರ ನಿಮ್ಮಪ್ಪ ಬಂದು ಹೊಲದಾಗ ಎಡಿ ಹೊಡೀತಾನೇನು?" ಎಂದರು. ಕಟ್ಟೆಯ ತನಕ ಕೇಳುವಂತೆ ಕೂಗಿದರು. ಸಾಹೇಬರಿಗೆ ಕೇಳಿಸಿರಬೇಕು.

ಅವರು ಎಣಿಕೆಯನ್ನು ಅಲ್ಲಿಗೇ ನಿಲ್ಲಿಸಿ ಅವತ್ತೇ ಗುಡ್ಡದೂರಿಗೆ ಹೊರಡುವವರಿದ್ದರು. ಅವರ ತಗಡಿನ ಟ್ರಂಕು, ಹಾಸಿಗೆ ಒಯ್ಯಲು ಗಾಡಿ ಹಿಡಿದು ತರುವುದಾಗಿ ಊರಗೌಡರು ಬಂದು ನಿಂತರು. ಸಾಹೇಬರು ಬೇಡವೆಂದರು. ಟೋಪಿ ತೆಗೆದು ಕೋಟಿನ ಕಿಸೆಗೆ ತುರುಕಿ, ಟವೆಲನ್ನು ಸಿಂಬೆ ಸುತ್ತಿ ತಲೆಗಿಟ್ಟುಕೊಂಡು, ಟ್ರಂಕನ್ನು ತಾವೇ ತಲೆಯ ಮೇಲೆ ಎತ್ತಿಕೊಂಡರು. ಹಾಸಿಗೆ ಬಗಲಿಗೆ. ಹೊತ್ತೇರಿದ ಬಿಸಿಲಲ್ಲಿ, ನಡು ಓಣಿಯಲ್ಲಿ, ಕೋಟು ಹಾಕಿದ ಸರ್ಕಾರಿ ಅಧಿಕಾರಿ ಕೂಲಿಯವರಂತೆ ನಡೆದು ಹೊರಟರು. ಊರ ಮಂದಿಯೆಲ್ಲ ಬಾಗಿಲಿಗೆ ಬಂದು ನೋಡಿತು. ಗೌಡರು ಹಿಂದಿಂದೆ ಓಡಿದರು. "ಸಾಹೇಬ್ರ, ಮರ್ಯಾದಿ ಹೋಗ್ತೈತಿ, ಇಳಸ್ರಿ!"

ಅತ್ತೆ ಸುಮ್ಮನಿರುವವರಲ್ಲ. "ಸಾಹೇಬ್ರ, ತಲಿಹೊರಿ ಗಡಗ್ಯಾಗ ನಿಮ್ಮ ಹೆಸರಿಂದೂ ಒಂದು ಬೀಜ ಹಾಕ್ಲೇನ್ರಿ?"

ಟ್ರಂಕಿನಡಿಯಿಂದ ಉತ್ತರ ಬಂತು. "ಹಾಕಬ್ಯಾಡ್ರಿ ಅವ್ವಾರ! ಎಣಸಾಂವ ತನ್ನ ತಾ ಎಣಸ್ಕೋಬಾರ್ದು!"

ಗುಡ್ಡದೂರಿನ ತನಕ ಹಾಗೆಯೇ ಹೋದರಂತೆ. ಅಲ್ಲಿನವರಿಗೂ ಹೇಳಿದರಂತೆ, ಎರಡೂ ಊರಿನ ಎಣಿಕೆ ಕೆಟ್ಟಿದೆ, ಎರಡಕ್ಕೂ ಮೊದಲಿನಿಂದ ಮತ್ತೆ ಏಳು ದಿನ ಎಂದು. ಮೇಲಿನವರಿಗೆ ಕಾಗದ ಬರೆದು ಹುಕುಂ ತರಿಸಿಕೊಂಡು ಹದಿನೈದು ದಿನಕ್ಕೆ ಬಂದು ಮತ್ತೆ ನಮ್ಮ ಕಟ್ಟೆಯ ಮೇಲೆ ಬೂಟು ಬಿಚ್ಚಿ ಕೂತರು. ಟ್ರಂಕು ಹೊತ್ತವರು ಗಾಡಿ ಹಿಡಿಯುವುದಿಲ್ಲ ಎಂದು ಅಷ್ಟರಲ್ಲಿ ಊರಿಗೆ ತಿಳಿದುಹೋಗಿತ್ತು. ಮೊದಲ ದಿನವೇ ದಾರಿಯ ಮೇಲೆ ಎಲ್ಲಕ್ಕಿಂತ ಮುಂದೆ ಬಂದ ಗಾಡಿ ನಮ್ಮದು. ಮನೆಯವರು ಮುಖ ಆ ಕಡೆ ತಿರುಗಿಸಿಕೊಂಡು ಹೊಡೆಯುತ್ತಿದ್ದರು. ಬೀಜ ಬಿದ್ದ ಸಪ್ಪಳ ಬಾಗಿಲ ಹಿಂದೆ ನನಗೆ ಕೇಳಿಸಿತು. ಆ ಏಳು ದಿನ ನಾನು ಹುಣಸೆ ಬೀಜ ಹುರಿಯಲಿಲ್ಲ.

ಶಿವರಾತ್ರಿ ಕಳೆದು ಗರಸು ಬಿತ್ತು, ಬೇಸಿಗೆಗೆ ಬಸ್ಸು ಬಂತು. ಅಂಚಿನಲ್ಲಿ ಬರೆದ ಸಣ್ಣ ಅಕ್ಷರವನ್ನು ಯಾರಾದರೂ ಓದಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಖರೆ ಎಣಿಕೆಯಲ್ಲಿ ನಮ್ಮ ದಾರಿ ಗೆದ್ದಿತು, ನನಗೆ ಅಷ್ಟು ಸಾಕು. ಕಳ್ಳ ಬೀಜದಿಂದ ಬಂದ ಬಸ್ಸಾಗಿದ್ದರೆ ಹತ್ತುವಾಗೆಲ್ಲ ಆ ಬೊಗಸೆ ಬೀಜ ನೆನಪಾಗುತ್ತಿತ್ತು. ವರ್ಷದ ತನಕ ಎಂಟು ದಿನಕ್ಕೊಮ್ಮೆ ನೀಲವ್ವನನ್ನು ಕರೆದುಕೊಂಡು ಕೊಪ್ಪಳಕ್ಕೆ ಹೋದೆ. ಬಲಗಣ್ಣು ಪೂರ್ತಿ ಉಳಿಯಿತು. ಎಡಗಣ್ಣಿನಲ್ಲಿ ಒಂದು ಬಿಳಿ ಚುಕ್ಕೆ ನಿಂತಿತು, ಅದರಲ್ಲಿ ಮಂಜು ಮಂಜು ಕಾಣುತ್ತದೆ. ಆ ನಡುವಿನ ತಿಂಗಳುಗಳಲ್ಲಿ ಹೋಗಲಾಗದೆ ಉಳಿದದ್ದಕ್ಕೆ ಅಷ್ಟು ಹೋಯಿತು. ಒಂದೂವರೆ ಕಣ್ಣು ಕೊಟ್ಟ ಶಿವನ ಹತ್ತಿರ ಅರ್ಧ ಕಣ್ಣಿಗೆ ಜಗಳಾಡುವವಳಲ್ಲ ನಾನು.

ಬಸ್ಸು ಶುರುವಾದ ಮೇಲೆ ಸಾಹೇಬರು ಒಮ್ಮೆ ಅದರಲ್ಲೇ ಬಂದು ನಮ್ಮ ಕಟ್ಟೆಯ ಬಳಿ ಇಳಿದರು. ಅತ್ತೆ ಕೇಳುವ ಮೊದಲೇ, "ಅಳತಿ ಮುಗದೈತ್ರಿ ಅವ್ವಾರ. ಈಗ ಕೊಡ್ರಿ ನಿಮ್ಮ ಮಜ್ಜಿಗಿ," ಎಂದರು. ಎರಡು ಚರಿಗೆ ಕುಡಿದರು. ನೀಲವ್ವನನ್ನು ಕರೆದು, ದಾರಿಯಾಚೆ ಹೋಗುತ್ತಿದ್ದ ಆಡುಗಳು ಎಷ್ಟು ಎಂದು ಕೇಳಿದರು. ಅವಳು ಬೆರಳು ಮಡಿಚಿ ಎಣಿಸಿ "ಒಂಬತ್ತು" ಎಂದಳು. ಅವರೂ ಎಣಿಸಿ ನೋಡಿ, "ಬರೋಬ್ಬರಿ," ಎಂದರು. ಅವರ ಬಾಯಿಂದ ಬಂದ ಮೆಚ್ಚಿಗೆ ಎಂದರೆ ಅಷ್ಟೇ. ಹಾರ್ನು ಹೊಡೆಯಿತು, ಹೋದರು. ಆಮೇಲೆ ನಾನು ಅವರನ್ನು ಕಂಡಿಲ್ಲ.

ಅತ್ತೆ ಈಗ ಇಲ್ಲ. ಇದ್ದಿದ್ದರೆ ಡ್ರೈವರನನ್ನು ಕೂಡಿಸಿಕೊಂಡು ಇಡೀ ಕಥೆ ಹೇಳಿಸುತ್ತಿದ್ದರು. ನಾನು ಅವನಿಗೆ ಒಂದು ಗಂಟು ಚಟ್ನಿಪುಡಿ ಕಟ್ಟಿಕೊಟ್ಟು, "ಮತ್ತ ರಾಯಚೂರಿಗೆ ಹೋದ್ರ ಅವರಿಗೆ ಮುಟ್ಟಸಪಾ. ಹುಡುಗಿ ಛಲೋ ಅದಾಳ, ಬಾಣಂತನಕ್ಕ ಬಸ್ಸಿನಾಗ ಬಂದಾಳ ಅಂತ ಹೇಳು," ಎಂದೆ. ಬಸ್ಸು ಹೋಯಿತು.

ಒಳಗೆ ಬಂದು ರೊಟ್ಟಿಗೆ ಹಿಟ್ಟು ಕಲಸಲು ಕೂತೆ. ಪಡಸಾಲೆಯಲ್ಲಿ ಕಂಬಕ್ಕೆ ಆತು ಕೂತಿದ್ದ ನೀಲವ್ವ ಅಲ್ಲಿಂದಲೇ ಕೂಗಿದಳು. "ಯವ್ವಾ, ತಡಿ! ಹಿಟ್ಟಿನಾಗ ಹುಳ ಅದಾವು. ಕಾಣವಲ್ಲದೇನು ನಿನಗ?"

ಪರಾತದ ಮೇಲೆ ಬಾಗಿ ನೋಡಿದೆ. ನನಗೇನೂ ಕಾಣಲಿಲ್ಲ. ಅವಳ ಮಾತಿಗೇ ಜರಡಿ ತಂದು ಹಿಟ್ಟನ್ನೆಲ್ಲ ಮತ್ತೊಮ್ಮೆ ಸಾಣಿಸಿದೆ.